ಹಿಂದೆ ಸರಿದ ನೀರು

ಸೋಮವಾರ ಬೆಳಕು ಹರಿಯುವಷ್ಟರಲ್ಲಿ ರಾಜಶೇಖರನ ಎಸ್‌ಟಿಡಿ ಬೂತಿನ ಮುಂದೆ ಮಾರಿಕಣಿವೆಯ ಅರ್ಧ ಊರು ಬಂದು ಸೇರಿತ್ತು. ಬಂದವರು ಯಾರೂ ಫೋನ್ ಮಾಡುವವರಲ್ಲ, ಫೋನ್ ಬರುವುದನ್ನು ಕಾಯುವವರು. ಅಣೆಕಟ್ಟೆಯ ಕಡೆಯಿಂದ ಬೀಸುವ ಚಳಿಗಾಳಿಗೆ ಕಿವಿಯ ಮೇಲೆ ಟವಲ್ಲು ಸುತ್ತಿಕೊಂಡು ಕೆಲವರು ಕಟ್ಟೆಯ ಮೇಲೆ ಕೂತಿದ್ದರು, ಕೆಲವರು ಬೀಡಿ ಹಚ್ಚಿ ಸೇದುವುದನ್ನೇ ಮರೆತು ನಿಂತಿದ್ದರು. ಒಳಗೆ ಆ ಕೆಂಪು ಫೋನು ಗಂಟಲು ಕಟ್ಟಿದ ಹುಂಜದ ಹಾಗೆ ಸುಮ್ಮನೆ ಕೂತಿತ್ತು.

ಬೃಂದಾ ಬೂತಿನ ಗಾಜಿನ ಬಾಗಿಲಿಗೆ ಭುಜ ಆನಿಸಿಕೊಂಡಿದ್ದಳು. ನಿನ್ನೆ ಮಧ್ಯಾಹ್ನದಿಂದ ಅವಳಿಗೆ ತಿಳಿಯಬೇಕಾಗಿದ್ದುದು ಒಂದೇ ಮಾತು: ಅಜ್ಜಿ ಇದ್ದಾಳೋ, ಇಲ್ಲವೋ.

ಅಜ್ಜಿ ಕೆಂಚಕ್ಕ, ಹಿರಿಯೂರಿನ ಶಿವಕುಮಾರಪ್ಪ ವರ್ಷಕ್ಕೊಮ್ಮೆ ಹೊರಡಿಸುವ ಯಾತ್ರೆ ಬಸ್ಸಿನಲ್ಲಿ ಊರಿನ ಒಂದಷ್ಟು ಹೆಂಗಸರನ್ನು ಕಟ್ಟಿಕೊಂಡು ತಮಿಳುನಾಡಿಗೆ ಹೋಗಿದ್ದಳು. ಮಧುರೆ, ರಾಮೇಶ್ವರ, ಕೊನೆಗೆ ಕನ್ಯಾಕುಮಾರಿ. ಭಾನುವಾರ ಬೆಳಿಗ್ಗೆ ಕನ್ಯಾಕುಮಾರಿಯಲ್ಲಿ ಸೂರ್ಯ ಹುಟ್ಟುವುದನ್ನು ನೋಡಿ, ಅಮ್ಮನವರ ದರ್ಶನ ಮಾಡಿ, ಸಂಜೆ ಈ ಬೂತಿಗೆ ಫೋನ್ ಮಾಡಿ ಎಲ್ಲರ ಮನೆಗೂ ಸುದ್ದಿ ಮುಟ್ಟಿಸುವುದೆಂದು ಮಾತಾಗಿತ್ತು. ಭಾನುವಾರ ಮುಗಿಯಿತು, ಫೋನ್ ಬರಲಿಲ್ಲ. ಶಿವಕುಮಾರಪ್ಪನ ಮೊಬೈಲಿಗೆ ಮಾಡಿದರೆ ಯಾವಳೋ ಹೆಂಗಸು ತಮಿಳಿನಲ್ಲಿ ಏನೋ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಕುಯ್ಯೆಂದು ಕಟ್ಟಾಗುತ್ತಿತ್ತು. ಶಿವಕುಮಾರಪ್ಪನ ಮನೆಯವರಿಗಾದರೂ ಏನಾದರೂ ಗೊತ್ತಿದೆಯೋ ಎಂದು ಕೇಳಿಕೊಂಡು ಬರಲು ಬೃಂದಾಳ ಅಪ್ಪ ಕತ್ತಲಿರುವಾಗಲೇ ಯಾರದೋ ಬೈಕು ಹತ್ತಿ ಹಿರಿಯೂರಿಗೆ ಹೋಗಿದ್ದ.

ನಿನ್ನೆ ಟೀವಿಯಲ್ಲಿ ಮೊದಲ ಸಲ ಅದನ್ನು ಕಂಡಾಗ ಬೃಂದಾ ಯಾವುದೋ ಇಂಗ್ಲಿಷ್ ಸಿನಿಮಾ ಎಂದೇ ತಿಳಿದಿದ್ದಳು. ತಲೆಗೆ ಎಣ್ಣೆ ಹಚ್ಚಿಕೊಂಡು, ಬಟ್ಟಲಲ್ಲಿ ಸೀಗೆಪುಡಿ ಕಲಸುತ್ತಾ, ಅರ್ಧ ಟೀವಿಯಲ್ಲಿ ಅರ್ಧ ತನ್ನ ಲೋಕದಲ್ಲಿ ಕೂತಿದ್ದಳು. ಕಂದು ನೀರು ಬೀದಿಯೊಳಗೆ ನುಗ್ಗುತ್ತಿತ್ತು. ಮದುವೆಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ ಕಾರುಗಳು ಒಂದರ ಮೇಲೊಂದು ಹತ್ತಿಕೊಂಡು ತೇಲುತ್ತಿದ್ದವು. ಒಬ್ಬ ಮುದುಕಿ ಕರೆಂಟಿನ ಕಂಬ ತಬ್ಬಿಕೊಂಡಿದ್ದಳು. ಅವಳು ತಬ್ಬಿಕೊಂಡಿದ್ದಾಗಲೇ ಚಿತ್ರ ಬದಲಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಚಿತ್ರ, ಮತ್ತೆ ಅದೇ ಮುದುಕಿ, ಅದೇ ಕಂಬ. ಆಮೇಲೆ ಅವಳು ಏನಾದಳೆಂದು ಟೀವಿಯವರು ತೋರಿಸಲೇ ಇಲ್ಲ. ಕೆಳಗೆ ಓಡುವ ಅಕ್ಷರಗಳಲ್ಲಿ ಚೆನ್ನೈ, ಕಡಲೂರು, ನಾಗಪಟ್ಟಣ ಎಂದು ಬಂದು, ಅವುಗಳ ಬೆನ್ನಿಗೇ ಕನ್ಯಾಕುಮಾರಿ ಎಂದು ಬಂತು. ಬೃಂದಾಳ ಕೈಯಲ್ಲಿದ್ದ ಸೀಗೆಪುಡಿ ಕೈಯಲ್ಲೇ ಒಣಗಿತು. ತಲೆಯ ಎಣ್ಣೆ ಈ ಹೊತ್ತಿಗೂ ಹಾಗೇ ಇತ್ತು. ಅದನ್ನು ತೊಳೆಯಬೇಕೆಂಬುದು ಅವಳಿಗೆ ಹೊಳೆದಿರಲಿಲ್ಲ.

"ಸುನಾಮಿ ಅಂತೆ," ಎಂದ ಕಟ್ಟೆಯ ಮೇಲಿದ್ದವನೊಬ್ಬ. "ಯಾವ್ದೋ ಹೆಣ್ಮಗಳ ಹೆಸ್ರು ಇದ್ದಂಗೈತೆ."

"ಹಂಗಂದ್ರೆ ಚಂಡಮಾರುತವೇನಪ್ಪ?"

"ಚಂಡಮಾರುತ ಅಂದ್ರೆ ಗಾಳಿ ಬೇಡ್ವೇನಲೇ?" ಎಂದ ಚಿಕ್ಕತಿಮ್ಮಪ್ಪ. ಅಣೆಕಟ್ಟೆಯ ಗೇಟು ಎತ್ತಿ ಇಳಿಸುವ ಕೆಲಸದಲ್ಲೇ ಕೂದಲು ಹಣ್ಣು ಮಾಡಿಕೊಂಡು ನಿವೃತ್ತನಾದ ಮನುಷ್ಯ. ನೀರಿನ ವಿಷಯದಲ್ಲಿ ಊರಿನಲ್ಲಿ ಅವನದೇ ಕೊನೆಯ ಮಾತು. "ಟೀವಿನಾಗೆ ನೋಡ್ದೆ, ತೆಂಗಿನ ಗರಿ ಒಂದೂ ಅಳ್ಳಾಡ್ತಿರ್ಲಿಲ್ಲ. ಬಿಸ್ಲು ಹಂಗೇ ಹೊಡೀತಿತ್ತು."

"ಮತ್ತೆ ಯಾವ್ದಾನ ಡ್ಯಾಮ್ ಒಡೀತೇನೋ."

"ಸಮುದ್ರಕ್ಕೆ ಯಾವನು ಡ್ಯಾಮ್ ಕಟ್ಟಿದ್ನಪ್ಪ, ನಿಮ್ಮಪ್ಪನಾ?"

ನಗು ಬಂದಂತಾದರೂ ಯಾರೂ ನಗಲಿಲ್ಲ. ಚಿಕ್ಕತಿಮ್ಮಪ್ಪ ಬೃಂದಾಳ ಕಡೆ ತಿರುಗಿದ. "ನೀನು ಹಿರಿಯೂರು ಕಾಲೇಜಿನಾಗೆ ಭೂಗೋಳ ಓದ್ತೀಯಲ್ಲವ್ವ. ಏನದು?"

"ಗೊತ್ತಿಲ್ಲ ತಾತ," ಎಂದಳು ಬೃಂದಾ. ಬಿ.ಎ. ಎರಡನೇ ವರ್ಷ. ಆ ಪಾಠ ಆಗಿತ್ತೋ ಏನೋ. ಆದ ದಿನ ಅವಳು ಕಿಟಕಿಯಾಚೆಯ ಹುಣಸೆಮರದಲ್ಲಿ ಅಜ್ಜಿಯ ಕಥೆಯ ಯಾವ ರಾಜಕುಮಾರಿಯನ್ನು ಕೂರಿಸಿ ಮಾತಾಡಿಸುತ್ತಿದ್ದಳೋ.

ಪಕ್ಕದಲ್ಲಿ ಮುದ್ದಣ್ಣ ನಿಂತಿದ್ದ. ಅಣೆಕಟ್ಟೆಯ ಹಿನ್ನೀರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವನು. ಇವತ್ತು ನೀರಿಗೆ ಇಳಿದಿರಲಿಲ್ಲ, ಆದರೆ ಬಲೆ ಹೆಗಲ ಮೇಲೆ ಇತ್ತು; ಮನೆಯಿಂದ ಹೊರಡುವಾಗ ಕೈ ತಾನೇ ಎತ್ತಿಕೊಂಡಿತ್ತು. ಅವನ ಹೆಂಡತಿ ಚಂದ್ರಕ್ಕನೂ ಆ ಬಸ್ಸಿನಲ್ಲಿದ್ದಳು. ಗಳಿಗೆಗೊಮ್ಮೆ ಏನಾದರೂ ಅನ್ನದಿದ್ದರೆ ಅವನಿಗೆ ನಿಲ್ಲಲಾಗುತ್ತಿರಲಿಲ್ಲ.

"ನಮ್ಮ ಡ್ಯಾಮ್‌ನಾಗೆ ನೀರಿಲ್ವೇನೆ, ಅಷ್ಟು ದೂರ ಹೋಗಿ ನೋಡಾಕೆ, ಅಂದೆ. ಕೇಳಿದ್ಲಾ? ನಿಮ್ಮಜ್ಜಿ ಕಥೆ ಹೇಳಿ ಹೇಳಿ ಅವಳ ತಲೆ ಕೆಡ್ಸಿದ್ಲು ಕಣವ್ವ. ಆ ಕನ್ಯಾಕುಮಾರಿಗೆ ಗೊತ್ತಾದ ಮದ್ವೆ ನಿಂತು ಹೋತಂತೆ, ಮದ್ವೆ ಅಕ್ಕಿ ಎಲ್ಲಾ ಮರಳಾತಂತೆ. ಪಾಪ ಆ ಹುಡುಗೀಗೆ ಒಂದು ಹಿಡಿ ಅಕ್ಕಿ ಹಾಕೋರಿಲ್ಲ ಅಂತ ನಮ್ಮೋಳು ಇಲ್ಲಿಂದ ಅಕ್ಕಿ ಕಟ್ಕಂಡು ಹೋಗವ್ಳೆ. ಮನ್ಯಾಗೆ ಗಂಡ ಬೀಗರ ಮನೆ ಊಟ ನೆನೆಸ್ಕಂಡು ಮಲಗ್ಲಿ."

"ಏನೂ ಆಗಿರಾಕಿಲ್ಲ ಬಿಡಣ್ಣ," ಎಂದಳು ಪಾರ್ವತಮ್ಮ. ಅವಳ ಅತ್ತೆ ಕೊಟ್ರಮ್ಮ ಬಸ್ಸಿನಲ್ಲಿದ್ದವಳು. "ನಮ್ಮತ್ತೆ ಅಂತೂ ನೀರಿನ ಹತ್ರಕ್ಕೇ ಹೋಗಿರಲ್ಲ. ಮನ್ಯಾಗೆ ಮೈ ತೊಳ್ಕಳಾಕೇ ನಾನು ಮೂರು ದಿನ ಬೇಡ್ಕಬೇಕು."

"ನಮ್ಮ ಹೆಂಗಸ್ರು ಡ್ಯಾಮ್ ಪಕ್ಕದಾಗೆ ಹುಟ್ಟಿದೋರು," ಎಂದ ಚಿಕ್ಕತಿಮ್ಮಪ್ಪ, ಎಲ್ಲರಿಗೂ ಕೇಳುವ ಹಾಗೆ. "ಗೇಟು ಎತ್ತೋ ಮುಂಚೆ ಸೈರನ್ ಕೂಗಿದ್ರೆ ನಮ್ಮ ದನ ಸೈತ ದಿಬ್ಬ ಹತ್ತುತಾವೆ. ನೀರು ಏರೋದು ಕಂಡ್ರೆ ಕೆಂಚಕ್ಕ ನಿಂತ್ಕಂಡು ನೋಡೋ ಪೈಕಿ ಅಲ್ಲ. ಎಲ್ಲಾರ್ನೂ ಬೈದು ಮೇಲೆ ಹತ್ತಿಸಿರ್ತಾಳೆ."

ಆ ಮಾತು ಅಲ್ಲಿದ್ದವರ ಎದೆಗೆ ಬಿಸಿನೀರು ಹುಯ್ದಂತಾಯಿತು. ಹೌದು, ಹೌದು ಎಂದರು. ಬೃಂದಾಳಿಗೂ ಹೌದೆನ್ನಿಸಿತು. ಅಜ್ಜಿಗೆ ಗೊತ್ತಿರುವಷ್ಟು ನೀರು ಇನ್ನಾರಿಗೆ ಗೊತ್ತು?

ಎರಡು ಗುಡ್ಡಗಳ ನಡುವೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದಾಗ ಒಂದು ಊರು ಒಳಗೆ ಮುಳುಗಿತ್ತು. ಅಜ್ಜಿಯ ಅಜ್ಜಿ ಆ ಊರಿನಿಂದ ಬೀಸುವಕಲ್ಲು ಹೊತ್ತುಕೊಂಡು ಮೇಲೆ ಬಂದವಳು. ಊರಮ್ಮ ಮಾತ್ರ ಬರಲೊಲ್ಲೆನೆಂದಳಂತೆ. ಅವಳ ಕಲ್ಲು ಅಲ್ಲೇ ಉಳಿಯಿತು. ಹಾಗಾಗಿ ನೀರು ತೀರಾ ಇಳಿದು ಆ ಕಲ್ಲಿನ ನೆತ್ತಿ ಕಂಡ ವರ್ಷ, ಮುಳುಗಿದ ಊರಿನ ಮನೆತನದ ಹೆಂಗಸರು ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊನೆ, ಹಸಿರು ಬಳೆ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬರಿಗಾಲಲ್ಲಿ ಕೆಸರಿಗೆ ಇಳಿಯುತ್ತಾರೆ. ತವರಿಗೆ ಬಂದ ಮಗಳಿಗೆ ಮಡಿಲು ತುಂಬುವ ಹಾಗೆ ನೀರಿನಡಿಯ ಅಮ್ಮನಿಗೆ ಮಡಿಲಕ್ಕಿ ಕೊಡುತ್ತಾರೆ. ಬರುವಾಗ ಬೆನ್ನು ತೋರಿಸುವಂತಿಲ್ಲ. ಅಮ್ಮನ ಕಡೆ ಮುಖ ಮಾಡಿ ದಡದವರೆಗೂ ಹಿಂದಿಂದಕ್ಕೆ ನಡೆಯಬೇಕು. ಈ ಎರಡು ಮೂರು ವರ್ಷ ಮಳೆ ಕೈಕೊಟ್ಟು ಕಲ್ಲು ಪದೇಪದೇ ಕಂಡಿತ್ತು. ಹೋದ ಬೇಸಗೆಯಲ್ಲಿ ಬೃಂದಾಳನ್ನೂ ಅಜ್ಜಿ ಕರೆದುಕೊಂಡು ಹೋಗಿದ್ದಳು. ಕೆಸರು ಕಾಲ ಬೆರಳ ಸಂದಿಯಲ್ಲಿ ತಣ್ಣಗೆ ಮೇಲೆ ಬರುತ್ತಿತ್ತು. ಬಿರುಕಿನಲ್ಲಿ ಸಣ್ಣ ಮೀನು ಮಿಣುಗುತ್ತಿದ್ದವು. ಬೃಂದಾಳಿಗೆ ಹೆದರಿಕೆಯಾಗಿ, ನೀರು ತಟ್ಟನೆ ವಾಪಸು ಬಂದರೆ ಎಂದು ಕೇಳಿದ್ದಳು.

"ಹುಚ್ಚಿ," ಎಂದಿದ್ದಳು ಅಜ್ಜಿ. "ಹಿಂದಕ್ಕೆ ಸರಿದ ನೀರು ಮಳೆಗಾಲ ಕಾಣದೆ ತಿರುಗಿ ಬರಾಕಿಲ್ಲ. ನೀರು ಸರೀತು ಅಂದ್ರೆ ಅಮ್ಮ ಬಾಗ್ಲು ತೆಗೆದ್ಲು ಅಂತ. ಬಾಗ್ಲು ತೆಗೆದಾಗ ಹೋಗ್ದಿದ್ರೆ ಅವಳ ಮನಸು ನೋಯ್ತೈತೆ."

ಅಷ್ಟರಲ್ಲಿ ಹಿರಿಯೂರಿನ ಬಸ್ಸು ಬಂತು. ಕಂಡಕ್ಟರು ಪೇಪರಿನ ಕಟ್ಟನ್ನು ಕೆಳಗೆ ಎಸೆಯುವ ಬದಲು ತಾನೇ ಇಳಿದು ತಂದು ರಾಜಶೇಖರನ ಕೈಗೆ ಕೊಟ್ಟ. ಮೊದಲ ಪುಟದಲ್ಲಿ ಮರಳಿನ ಮೇಲೆ ಸಾಲಾಗಿ ಮಲಗಿಸಿದ್ದ ಮಕ್ಕಳ ಫೋಟೋ. ಪಾರ್ವತಮ್ಮ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ತಿರುಗಿದಳು. ಕನ್ಯಾಕುಮಾರಿಯ ಸುದ್ದಿ ನಾಲ್ಕೇ ಸಾಲು: ಯಾತ್ರಿಕರು ಸಿಕ್ಕಿಹಾಕಿಕೊಂಡಿದ್ದಾರೆ, ಸತ್ತವರ ಲೆಕ್ಕ ಸಿಕ್ಕಿಲ್ಲ. ಹೆಸರುಗಳಿಲ್ಲ.

"ಒಳಗಡೆ ಏನೋ ಬರ್ದವ್ರೆ ನೋಡು, ಸುನಾಮಿ ಅಂದ್ರೇನು ಅಂತ," ಎಂದ ರಾಜಶೇಖರ. ಚಿಕ್ಕತಿಮ್ಮಪ್ಪ ಆ ಹಾಳೆಯನ್ನು ಬೃಂದಾಳ ಕೈಗೆ ಕೊಟ್ಟ. "ಓದವ್ವ, ಎಲ್ಲಾರ್ಗೂ ಕೇಳಂಗೆ."

ಬೃಂದಾ ಓದಿದಳು. ಅವಳ ದನಿ ಮೊದಲು ಸಣ್ಣಗಿತ್ತು. ಕಟ್ಟೆಯ ಮೇಲಿದ್ದವರು ಇಳಿದು ಹತ್ತಿರ ಬಂದರು.

"ಇದು ಜಪಾನೀ ಭಾಷೆಯ ಶಬ್ದ. ತ್ಸು ಎಂದರೆ ಬಂದರು, ನಾಮಿ ಎಂದರೆ ಅಲೆ. ಬಂದರಿನ ಅಲೆ. ಮೀನುಗಾರರು ಈ ಹೆಸರನ್ನು ಕೊಟ್ಟರೆಂದು ಹೇಳಲಾಗುತ್ತದೆ. ನಡುಗಡಲಿನಲ್ಲಿ ಮೀನು ಹಿಡಿದು ಸಂಜೆ ಮನೆಗೆ ಮರಳಿದವರಿಗೆ ತಮ್ಮ ಬಂದರು, ಮನೆಮಠ ಎಲ್ಲವೂ ನೆಲಸಮವಾಗಿರುವುದು ಕಾಣುತ್ತಿತ್ತು. ಕಡಲಿನಲ್ಲಿ ಅವರ ಕಣ್ಣಿಗೆ ಯಾವ ದೊಡ್ಡ ಅಲೆಯೂ ಬಿದ್ದಿರಲಿಲ್ಲ. ಆದ್ದರಿಂದ ಅಲೆ ಬಂದರಿನಲ್ಲೇ ಎದ್ದಿತೆಂದು ಅವರು ನಂಬಿದರು."

"ತಡಿ ತಡಿ," ಎಂದ ಮುದ್ದಣ್ಣ. ಇದು ಅವನ ಕಸುಬಿನ ಮಾತು. "ಅಲೆ ಅವ್ರ ದೋಣಿ ದಾಟ್ಕಂಡೇ ಹೋಗಿರ್ಬೇಕಲ್ಲ. ತೆಪ್ಪದ ಕೆಳಗೆ ಒಂದು ಮೊಸಳೆ ಮೈ ತಿರುವಿದ್ರೆ ನನಗೆ ಗೊತ್ತಾಗ್ತೈತೆ. ಅಂಥದ್ದು ಹೋದ್ರೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಲ್ವಂತೆ ಮಾವ. ಆಳವಾದ ಕಡೆ ಅದು ಒಂದೆರಡು ಮೊಳ ಎತ್ತರವೂ ಇರಲ್ವಂತೆ. ದೋಣಿ ಒಂಚೂರು ಮೇಲೆ ಹೋಗಿ ಕೆಳಗೆ ಬಂದಂಗಾಗುತ್ತೆ, ಅಷ್ಟೇ."

"ಬಂದು ನೋಡಿದ್ರೆ ಮನೆ ಇಲ್ಲ."

"ಹಾಂ."

ಮುದ್ದಣ್ಣ ತಲೆಯಾಡಿಸಿದ. ಹೆಗಲ ಮೇಲಿನ ಬಲೆಯನ್ನು ಇಳಿಸಿ ಕಾಲ ಬಳಿ ಇಟ್ಟ. ಆ ಜಪಾನಿನವರ ಸಂಗತಿಗೆ ಅವನಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತ್ತು.

ಬೃಂದಾ ಮುಂದುವರಿಸಿದಳು. ಸುಮಾತ್ರಾ ಎಂಬ ದ್ವೀಪದ ಹತ್ತಿರ ಕಡಲ ತಳದಲ್ಲಿ ಭೂಮಿ ನಡುಗಿದೆ. ಭೂಮಿಯ ಸಿಪ್ಪೆ ದೊಡ್ಡ ದೊಡ್ಡ ಚಪ್ಪಡಿಗಳಾಗಿ ಒಡೆದಿದೆ, ಆ ಚಪ್ಪಡಿಗಳು ಕದಲುತ್ತಲೇ ಇರುತ್ತವೆ. ಅಲ್ಲಿ ಒಂದು ಚಪ್ಪಡಿ ಇನ್ನೊಂದರ ಅಡಿಗೆ ತೂರಿಕೊಂಡು ಹೋಗುತ್ತಾ, ಮೇಲಿನದನ್ನೂ ತನ್ನ ಜೊತೆ ಎಳೆದು ಬಗ್ಗಿಸುತ್ತದೆ. ನೂರಾರು ವರ್ಷ ಬಗ್ಗಿ ಬಗ್ಗಿ, ತಡೆಯಲಾರದ ಗಳಿಗೆಯಲ್ಲಿ ಮೇಲಿನದು ಚಿಮ್ಮುತ್ತದೆ. ಅದರ ಮೇಲಿನ ನೀರೆಲ್ಲ, ತಳದಿಂದ ಮೇಲಿನವರೆಗೆ, ಒಟ್ಟಿಗೆ ಎದ್ದು ನಿಲ್ಲುತ್ತದೆ.

"ಬಿದಿರು ಬಗ್ಗಿಸಿ ಕೈ ಬಿಟ್ಟಂಗೆ," ಎಂದ ಚಿಕ್ಕತಿಮ್ಮಪ್ಪ.

"ನೀರು ತುಂಬಿದ ತಪ್ಪಲೆ ತಳಕ್ಕೆ ಗುದ್ದಿದಂಗೆ," ಎಂದಳು ಪಾರ್ವತಮ್ಮ, ಮುಖ ಈಚೆ ತಿರುಗಿಸದೆಯೇ.

"ಹಾಂ, ಹಂಗೆ. ಆಮೇಲೆ ಆ ನೀರು ನಾಲ್ಕೂ ಕಡೆಗೆ ಓಡುತ್ತೆ. ವಿಮಾನ ಹೋದಷ್ಟು ಜೋರು. ದಡದ ಹತ್ರ ಆಳ ಕಮ್ಮಿಯಾದಾಗ ಮುಂದಿನ ನೀರು ನಿಧಾನ ಆಗಿ, ಹಿಂದಿಂದು ಬಂದು ಒತ್ತಿ, ಎತ್ತರಕ್ಕೆ ಏಳುತ್ತೆ. ಸುಮಾತ್ರಾದಿಂದ ನಮ್ಮ ದೇಶಕ್ಕೆ ಬರೋದಕ್ಕೆ ಎರಡು ಮೂರು ಗಂಟೆ ಹಿಡಿದೈತೆ."

"ಎರಡು ಮೂರು ಗಂಟೆ ಇತ್ತಾ?" ಎಂದ ರಾಜಶೇಖರ ಒಳಗಿನಿಂದ. "ಯಾರೂ ಫೋನ್ ಮಾಡಿ ಹೇಳ್ಲಿಲ್ವಾ?"

ಚಿಕ್ಕತಿಮ್ಮಪ್ಪನ ಬಾಯಿ ಅರ್ಧ ತೆರೆದೇ ಇತ್ತು. "ನಮ್ಮ ಇಷ್ಟುದ್ದ ಡ್ಯಾಮ್‌ಗೆ ಒಂದು ಸೈರನ್ ಐತೆ," ಎಂದ ಕೊನೆಗೆ. "ಅಷ್ಟು ದೊಡ್ಡ ಸಮುದ್ರಕ್ಕೆ ಒಂದು ಸೈರನ್ ಇಡ್ಲಿಲ್ವೇನಪ್ಪ ಯಾರೂ."

ಬೃಂದಾಳ ಕಣ್ಣು ಆಗಲೇ ಕೆಳಗಿನ ಸಾಲಿಗೆ ಇಳಿದಿತ್ತು. ಬಾಯಿ ಓದುವುದಕ್ಕಿಂತ ಮುಂಚೆ ಕಣ್ಣು ಓದಿತು. ಓದಿದ್ದು ಅರ್ಥವಾಗುವುದಕ್ಕೆ ಮುಂಚೆಯೇ ಅವಳ ಕಾಲಿನ ಬೆರಳ ಸಂದಿಯಲ್ಲಿ ತಣ್ಣನೆಯ ಕೆಸರು ಮೇಲಕ್ಕೆ ಬಂದಂತಾಯಿತು. ಅವಳು ಹಾಳೆಯನ್ನು ಮಡಿಸಿದಳು.

"ಯಾಕವ್ವ, ಮುಗೀತಾ?" ಎಂದ ಚಿಕ್ಕತಿಮ್ಮಪ್ಪ.

"ಮುಗೀತು ತಾತ."

"ಇನ್ನೂ ಒಂದಿಷ್ಟು ಐತಲ್ಲ, ಕಾಣ್ತೈತೆ," ಎಂದ ಮುದ್ದಣ್ಣ. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಅಚ್ಚಿನ ಸಾಲು ಎಲ್ಲಿ ನಿಲ್ಲುತ್ತದೆಂದು ಕಾಣುತ್ತಿತ್ತು. "ಓದು. ಏನಿದ್ರೂ ಓದು."

ಅವಳು ಹಾಳೆ ಬಿಡಿಸಿದಳು. "ಅನೇಕ ಕಡೆ ಅಲೆ ಅಪ್ಪಳಿಸುವುದಕ್ಕೆ ಸ್ವಲ್ಪ ಹೊತ್ತು ಮುಂಚೆ," ಎಂದು ಓದಿದಳು, "ಸಮುದ್ರ ದಡದಿಂದ ಬಹುದೂರ ಹಿಂದೆ ಸರಿಯಿತು. ಎಂದೂ ಕಾಣದ ಕಡಲ ತಳ, ಬಂಡೆಗಳು ಬಯಲಾದವು. ಕುತೂಹಲದಿಂದ ಕೆಳಗೆ ಇಳಿದವರು ಹೆಚ್ಚಿನ ಸಂಖ್ಯೆಯಲ್ಲಿ ಬಲಿಯಾದರು. ಸಮುದ್ರ ಹೀಗೆ ಹಿಂದೆ ಸರಿದರೆ ತಕ್ಷಣ ಎತ್ತರದ ಜಾಗಕ್ಕೆ ಓಡಬೇಕೆಂದು ತಜ್ಞರು ಹೇಳುತ್ತಾರೆ."

ಪಾರ್ವತಮ್ಮ ಮೆಲ್ಲಗೆ ಈಚೆ ತಿರುಗಿದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಲ್ಲಿ ನಿಂತಿದ್ದ ಪ್ರತಿಯೊಬ್ಬರ ತಾಯಿಯೋ, ಹೆಂಡತಿಯೋ, ಅಕ್ಕನೋ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಆ ಕೆಸರಿಗೆ ಇಳಿದವರೇ. ಏರುವ ನೀರಿಗೆ ಹೆದರಬೇಕೆಂದು ಈ ಊರಿಗೆ ಗೊತ್ತಿತ್ತು. ಸರಿಯುವ ನೀರಿಗೆ ಹೆದರಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದು ಅದಕ್ಕೆ ಪೂರಾ ತಿರುಗುಮುರುಗು. ಕುತೂಹಲ ಎಂದು ಬರೆದಿದ್ದರು ಪೇಪರಿನವರು. ಕುತೂಹಲಕ್ಕೆ ಇಳಿದವರಾದರೆ ಸದ್ದು ಕೇಳಿದೊಡನೆ ತಿರುಗಿ ಓಡಿಯಾರು. ಇವರ ಹೆಂಗಸರು ಕರೆ ಬಂದಿದೆಯೆಂದು ಇಳಿಯುವವರು. ಸಾಲಾಗಿ, ನಿಧಾನವಾಗಿ, ಬರಿಗಾಲಲ್ಲಿ.

"ಇನ್ನೊಂದ್ಸಲ ಓದು," ಎಂದ ಮುದ್ದಣ್ಣ.

ಅವಳು ಓದಿದಳು.

"ಬಾಗ್ಲು ತೆಗೆದ್ಲು ಅಂತ ಅಂದಿರ್ತಾಳೆ ಕೆಂಚಕ್ಕ," ಎಂದ ಅವನು. ದನಿಯಲ್ಲಿ ದೂರು ಇರಲಿಲ್ಲ. ಬಿಸಿಲು ಬಂತು, ಮೋಡ ಬಂತು ಅನ್ನುವ ಹಾಗೆ ಅಂದ. ಬೃಂದಾಳಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಚಿಕ್ಕತಿಮ್ಮಪ್ಪ ಬಸ್ಸು ನಿಲ್ಲುವ ಕಡೆ ಹೋಗಿ ಇವರಿಗೆ ಬೆನ್ನು ಮಾಡಿ ನಿಂತ.

ಅಜ್ಜಿಗೆ ಮಂಡಿನೋವು ಬಂದಿರಲಿ, ಎಂದು ಬೃಂದಾ ಬೇಡಿಕೊಂಡಳು. ಬಸ್ಸು ಕೆಟ್ಟು ದಾರಿಯಲ್ಲೇ ನಿಂತಿರಲಿ. ಯಾರ ಜೊತೆಗೋ ಜಗಳ ತೆಗೆದು ಛತ್ರದಲ್ಲೇ ಕೂತಿರಲಿ. ಅಜ್ಜಿಯ ಕಥೆಗಳಲ್ಲಿ ಕೊನೇ ಗಳಿಗೆಯಲ್ಲಿ ಒಂದು ಗಿಳಿಯೋ ಇರುವೆಯೋ ಬಂದು ಕಿವಿಯಲ್ಲಿ ಹೇಳುತ್ತಿತ್ತು, ಹೋಗಬೇಡ ಎಂದು. ಯಾವುದಾದರೊಂದು ಗಿಳಿ ಬಂದಿರಲಿ.

ಫೋನು ಕೂಗಿತು.

ರಾಜಶೇಖರ ಎತ್ತಿಕೊಂಡ. "ಹಲೋ, ಹಲೋ. ಯಾರು, ಶಿವಕುಮಾರಪ್ಪೋರಾ? ಜೋರಾಗಿ ಹೇಳ್ರಿ." ಆಮೇಲೆ ಅವನು ತಲೆಯೆತ್ತಿ ಗಾಜಿನಾಚೆ ಹುಡುಕಿದ. "ಬೃಂದಾ, ಬಾ ಬೇಗ. ನಿಮ್ಮಜ್ಜಿ."

ಅವಳು ಹೇಗೆ ಒಳಗೆ ಹೋದಳೋ ಅವಳಿಗೇ ತಿಳಿಯಲಿಲ್ಲ. "ಅಜ್ಜಿ."

ದೂರದಲ್ಲಿ ಗಾಳಿಯಂಥ ಸದ್ದು. ಅದರ ಹಿಂದೆ, "ಯಾರು, ಬಿಂದಾನಾ? ಉಂಡ್ಯೇನೆ?"

ಬೃಂದಾಳಿಗೆ ನಗು ಬಂತು. ನಗುವುದಕ್ಕೆ ಹೋದರೆ ಗಂಟಲಿನಿಂದ ಬೇರೇನೋ ಸದ್ದು ಬಂತು. ಗಾಜಿನಾಚೆ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಕೈಯೆತ್ತಿ ಹೌದು ಹೌದು ಎಂದು ಆಡಿಸಿದಳು. "ಅಜ್ಜಿ ಅವ್ಳೆ," ಎಂದಳು. ಹೊರಗೆ ಒಮ್ಮೆಗೇ ಮಾತು ಎದ್ದಿತು. ಪಾರ್ವತಮ್ಮ ನೆಲದ ಮೇಲೆ ಕುಕ್ಕರಿಸಿಬಿಟ್ಟಳು. ಮುದ್ದಣ್ಣ ಬಾಗಿಲು ತಳ್ಳಿಕೊಂಡು ಒಳಗೇ ಬಂದ. ಒಬ್ಬರೇ ನಿಲ್ಲುವ ಆ ಗೂಡಿನಲ್ಲಿ ಅವನ ಮೀನಿನ ವಾಸನೆಯ ಅಂಗಿ ಅವಳ ತೋಳಿಗೆ ತಾಕಿತು. ಅವನ ಮುಖ ಅರಳಿತ್ತು. "ಎಲ್ಲಾರೂ ಅವ್ರಾ ಕೇಳು. ನಮ್ಮೋಳು ಅಲ್ಲೇ ಅವ್ಳಾ ಕೇಳು."

"ಎಲ್ಲಿದ್ದೀಯಾ ಅಜ್ಜಿ? ಎಲ್ಲಾರೂ..."

"ಯಾವ್ದೋ ಮದ್ವೆ ಛತ್ರ ಕಣೆ. ಗಂಜಿ ಕೊಟ್ರು. ಕೊಟ್ರಮ್ಮ ನೀರಿಗೆ ಹೆದ್ರಿ ಮೆಟ್ಲು ಬಿಟ್ಟು ಇಳೀಲೇ ಇಲ್ಲ, ನೆಟ್ಟಗವ್ಳೆ. ಮಿಕ್ಕೋರಿಗೆ ಗಾಯ ಆಗೈತೆ, ಅವ್ರೆ. ನಾನು ಮಂಡಿನೋವು ಅಂತ ಸಾಲಿನ ಕೊನೇಲಿದ್ದೆ. ಹಿಂದಿಂದಕ್ಕೆ ಬರ್ತಿದ್ದೆ. ಮುಖ ಆ ಕಡೀಗೇ ಇತ್ತಲ್ಲ, ನಾನೇ ಮೊದ್ಲು ಕಂಡೆ. ಸುಣ್ಣ ಬಳಿದ ಗೋಡೆ ಇದ್ದಂಗೆ. ಗೋಡೆ ಯಾಕೆ ನಡೀತೈತೆ ಅಂತ ನೋಡ್ತಾ ನಿಂತೆ. ಆಮೇಲೆ ಕೂಗ್ದೆ. ಯಾವನೋ ಪುಣ್ಯಾತ್ಮ ತುರುಬು ಹಿಡಿದು ಎಳೆದು ಮೆಟ್ಲಿಗೆ ಹಾಕ್ದ."

"ಅಜ್ಜಿ..."

"ಚಂದ್ರಿ ಎಲ್ಲಾರ್ಗಿಂತ ಮುಂದಿದ್ಲು. ಅಕ್ಕಿ ಇಡಾಕೆ ಅಮ್ಮನ ಕಲ್ಲು ಎಲ್ಲೈತೆ ಅಂತ ಹುಡುಕ್ತಿದ್ಲು. ಇಲ್ಲಿ ಯಾವ ಕಲ್ಲಾದ್ರೂ ಅಮ್ಮನೇ ಕಣೆ, ಇಟ್ಟು ಬಾ ಅಂದೆ. ಇನ್ನೊಂಚೂರು ಮುಂದೆ ಇರ್ಬೋದು ಕೆಂಚಕ್ಕ, ನೋಡ್ತೀನಿ ಅಂದ್ಲು."

ಮುದ್ದಣ್ಣ ಕಿವಿಯನ್ನು ರಿಸೀವರಿನ ಹತ್ತಿರ ತರಲು ನೋಡುತ್ತಿದ್ದ. ಬೃಂದಾ ಅದನ್ನು ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡಳು.

"ಸಿಕ್ಕಿದ್ಲಾ?" ಎಂದಳು. ಅಷ್ಟೇ ಅವಳಿಗೆ ಕೇಳಲು ಸಾಧ್ಯವಾಗಿದ್ದು.

"ಬೆಳಿಗ್ಗೆ ಸಿಕ್ಕಿದ್ಲು. ಆಸ್ಪತ್ರೆ ಅಂಗಳದಾಗೆ ಮಲಗಿಸಿದ್ರು. ಬಳೆ ನೋಡಿ ಗುರ್ತು ಹಿಡ್ದೆ. ಸೆರಗಿನ ಗಂಟು ಬಿಚ್ಚಿರ್ಲಿಲ್ಲ ಕಣೆ. ಅಕ್ಕಿ ನೆನೆದು ಊದ್ಕಂಡಿತ್ತು. ನೀರು ಸುಳ್ಳು ಹೇಳ್ತು ಬಿಂದಾ. ಇಷ್ಟು ವರ್ಷಕ್ಕೆ ನೀರು ನನಗೆ ಸುಳ್ಳು ಹೇಳಿರ್ಲಿಲ್ಲ."

"ಏನಂತೆ?" ಎಂದ ಮುದ್ದಣ್ಣ. ಇನ್ನೂ ನಗುತ್ತಲೇ ಇದ್ದ. "ಪುರಾಣ ಶುರು ಮಾಡಿದ್ಲಾ?"

"ಯಾರದು, ಮುದ್ದಣ್ಣನಾ?" ಎಂದಳು ಅಜ್ಜಿ. "ಫೋನು ಅವನ ಕೈಗೆ ಕೊಡು. ಅವಳನ್ನ ಕರ್ಕಂಡು ಬಂದೋಳು ನಾನು. ನಾನೇ ಹೇಳ್ಬೇಕು."

ಬೃಂದಾಳ ಬೆರಳು ರಿಸೀವರಿಗೆ ಅಂಟಿಕೊಂಡಿದ್ದವು. ಅದು ತನ್ನ ಕಿವಿಯ ಮೇಲಿರುವಷ್ಟು ಹೊತ್ತು ಈ ಮನುಷ್ಯನ ಮನೆಯಲ್ಲಿ ಹೆಂಡತಿ ಇದ್ದಾಳೆ. ಅಜ್ಜಿ ಬದುಕಿದ್ದಾಳೆಂದು ಅವಳ ಎದೆ ಇನ್ನೂ ಕುಣಿಯುತ್ತಿತ್ತು. ಅದನ್ನು ನಿಲ್ಲಿಸುವುದಕ್ಕೆ ಅವಳಿಗೆ ಬರಲಿಲ್ಲ. ಎದುರಿಗೆ ಅವನು ಮಕ್ಕಳ ಹಾಗೆ ಕೈ ಚಾಚಿದ್ದ.

"ಕೊಡವ್ವ, ನಾನೂ ಒಂದು ಮಾತಾಡ್ತೀನಿ," ಎಂದು ಅವನೇ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ರಿಸೀವರು ತೆಗೆದುಕೊಂಡ. "ಕೆಂಚಕ್ಕ, ನಾನು ಮುದ್ದಣ್ಣ. ಹೆಂಗಿದ್ದೀರಿ? ನಮ್ಮ ಪ್ರಾಣ ತೆಗೆದ್ರಲ್ಲ."

ಅಜ್ಜಿಗೆ ಯಾವುದನ್ನೂ ನಡುವಿನಿಂದ ಹೇಳಲು ಬರುವುದಿಲ್ಲ. ಮೊದಲಿನಿಂದಲೇ ಶುರು ಮಾಡಿದಳೆಂದು ಬೃಂದಾಳಿಗೆ ಅವನ ಮುಖದಲ್ಲೇ ಕಂಡಿತು. ಕತ್ತಲಲ್ಲೇ ಎದ್ದಿದ್ದು, ಚಂದ್ರಕ್ಕ ತಲೆಗೆ ಮಲ್ಲಿಗೆ ಕೊಂಡು ಮುಡಿದಿದ್ದು, ಸೂರ್ಯ ನೀರಿನಿಂದ ಎದ್ದಿದ್ದು. "ಹೂಂ," ಎಂದ ಮುದ್ದಣ್ಣ, ಕಥೆ ಕೇಳುವವರು ಅನ್ನುವ ಹಾಗೆ. "ಹೂಂ." ಗಾಜಿನಾಚೆ ಯಾರೋ ಚಿಕ್ಕತಿಮ್ಮಪ್ಪನ ಬೆನ್ನು ತಟ್ಟುತ್ತಿದ್ದರು. ಪಾರ್ವತಮ್ಮ ಕಣ್ಣೊರೆಸಿಕೊಂಡು ಯಾರಿಗೋ ಏನೋ ಹೇಳಿ ನಗುತ್ತಿದ್ದಳು. ರಾಜಶೇಖರ ಟೀ ತರಿಸಲು ಹೊರಗೆ ಹೋಗಿದ್ದ.

"ಹೂಂ," ಎಂದ ಮುದ್ದಣ್ಣ. ಆಮೇಲೆ ನಿಧಾನವಾಗಿ, "ಹೂಂ." ಆಮೇಲೆ ಅನ್ನಲಿಲ್ಲ.

ಅವನು ನಿಂತೇ ಇದ್ದ. ಮುಖದ ಮೇಲಿನ ನಗು ಹೋಗಲು ದಾರಿ ಸಿಗದೆ ಅಲ್ಲೇ ಉಳಿದಿತ್ತು. ಕೈ ಕಿವಿಯಿಂದ ಜಾರಿ, ಎದೆಯ ಹತ್ತಿರ ಬಂದು, ಅಲ್ಲಿಂದ ಕೆಳಗೆ ಇಳಿಯಿತು. ರಿಸೀವರು ತಂತಿಯ ತುದಿಯಲ್ಲಿ ತೂಗಾಡಿತು. ಅದರೊಳಗಿಂದ ಅಜ್ಜಿಯ ದನಿ ಇರುವೆಯಷ್ಟು ಸಣ್ಣಗೆ ಬರುತ್ತಲೇ ಇತ್ತು. ಹೇಳಿ, ನಿಲ್ಲಿಸಿ, ಆ ಕಡೆಯಿಂದ ಏನೂ ಬಾರದೆ, ಮತ್ತೆ ಅದನ್ನೇ ಹೇಳುತ್ತಿದ್ದಳು. ಕೇಳ್ತಿದ್ದೀಯೇನಪ್ಪ ಮುದ್ದಣ್ಣ, ಕೇಳ್ತಿದ್ದೀಯಾ.

ಬೃಂದಾ ಒಂದು ಕೈಯಿಂದ ಅವನ ತೋಳು ಹಿಡಿದುಕೊಂಡಳು. ಇನ್ನೊಂದರಿಂದ ರಿಸೀವರು ಎತ್ತಿ ಕಿವಿಗೆ ಇಟ್ಟುಕೊಂಡಳು.

"ಹೂಂ," ಎಂದಳು.